ಹಿಂದಿನ ಆ ಹತ್ತಡಿ

ಮನಗೂಳಿಯಿಂದ ತಾಳಿಕೋಟೆ, ಹುಣಸಗಿ ಹಾಯ್ದು ಬರುವ ರಾಜ್ಯ ಹೆದ್ದಾರಿ ದೇವಾಪುರದ ಹತ್ತಿರ ಸುರಪುರ–ಲಿಂಗಸುಗೂರು ಹೆದ್ದಾರಿಗೆ ಕೂಡುತ್ತದೆ. ಸುಗ್ಗಿಯ ದಿನಗಳಲ್ಲಿ ಈ ಕೂಡುರಸ್ತೆಯಲ್ಲಿ ನಿಂತರೆ ಸುರಪುರ ಸೀಮೆಯ ಬೆಳೆಯೆಲ್ಲ ಕಣ್ಣ ಮುಂದೆಯೇ ಹಾದುಹೋಗುತ್ತದೆ. ಹತ್ತಿ ಅಂಡಿಗೆ ಹೇರಿದ ಟ್ರ್ಯಾಕ್ಟರು, ಭತ್ತದ ಲಾರಿ, ಮೆಣಸಿನಕಾಯಿ ಚೀಲದ ಪಿಕಪ್, ಒಳಗೆ ಐದು ಮಂದಿ ಕೂತು ಹಿಂದೆ ಗೊಬ್ಬರ ಹಾಕಿಕೊಂಡ ಬೊಲೆರೊ ಕ್ಯಾಂಪರ್. ಹೆದ್ದಾರಿಯಲ್ಲಿ ಇವೆಲ್ಲ ಮುಂದಕ್ಕೇ ಓಡುತ್ತವೆ. ಆದರೆ ಇವುಗಳ ದಿನದ ಕೆಲಸ ಶುರುವಾಗುವುದೂ ಮುಗಿಯುವುದೂ ರಿವರ್ಸ್ ಗೇರಿನಲ್ಲಿ. ಬದುವಿನ ದಾರಿಯಿಂದ ಕಣಕ್ಕೆ, ಓಣಿಯಿಂದ ಅಂಗಳಕ್ಕೆ, ಎಪಿಎಂಸಿ ರಸ್ತೆಯಿಂದ ಅಡತಿ ಅಂಗಡಿಯ ಕಟ್ಟೆಗೆ ಗಾಡಿ ಹೋಗುವುದು ಬೆನ್ನು ಮುಂದೆ ಮಾಡಿಯೇ.

ಹೆದ್ದಾರಿಯ ಅಪಘಾತದ ಬಗ್ಗೆ ನಾವು ಬೇಕಾದಷ್ಟು ಮಾತಾಡುತ್ತೇವೆ. ಕಣದ ಬಗ್ಗೆ ಮಾತಾಡುವುದು ಕಡಿಮೆ. ಈ ಎರೆ ಸೀಮೆಯ ಹೊಲದ ನಡುವೆ ಮರಗಳು ವಿರಳ, ಹಾಗಾಗಿ ನಿಂತ ಗಾಡಿಯೇ ನೆರಳು. ಹತ್ತಿ ಬಿಡಿಸಲು ಬಂದ ತಾಯಂದಿರು ಕೈಗೂಸನ್ನು ಆ ನೆರಳಲ್ಲೇ ಮಲಗಿಸುತ್ತಾರೆ. ವಯಸ್ಸಾದವರು ಚಕ್ರಕ್ಕೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಹೊತ್ತು ಇಳಿಯುತ್ತಲೇ ಅವಸರ ಶುರುವಾಗುತ್ತದೆ, ತೂಕದ ಪಾಳಿ ತಪ್ಪಬಾರದು, ಕತ್ತಲಾಗುವ ಮುಂಚೆ ಊರು ಸೇರಬೇಕು. ಡ್ರೈವರ್ ಹತ್ತಿ ಕೂತು ಗೇರ್ ಹಾಕುವ ಆ ಹೊತ್ತಿನಲ್ಲಿ ಗಾಡಿಯ ಹಿಂದೆ ಏನಿದೆ ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಗೊತ್ತಾಗುವ ಉಪಾಯವೂ ಅವನ ಬಳಿ ಇರುವುದಿಲ್ಲ. ಹೀಗಾಗಿ ಕ್ಯಾಂಪರ್, ಪಿಕಪ್‌ಗಳಿಗೆ ಹಿಂಬದಿ ಕ್ಯಾಮೆರಾ ಹಾಕಿಸುವುದನ್ನು ಶೋಕಿ ಎಂದು ನೋಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾಣದ ಜಾಗ ಎಷ್ಟು ದೊಡ್ಡದು ಎಂಬುದನ್ನು ಕೂತಲ್ಲೇ ಲೆಕ್ಕ ಹಾಕಬಹುದು. ಡ್ರೈವರನ ಕಣ್ಣು ನೆಲದಿಂದ 160 ಸೆಂ.ಮೀ. ಎತ್ತರದಲ್ಲಿದೆ, ಹಿಂದಿನ ಬಾಗಿಲಿನ ಮೇಲಂಚು 120 ಸೆಂ.ಮೀ. ಎತ್ತರದಲ್ಲಿದೆ, ಕಣ್ಣಿಗೂ ಆ ಬಾಗಿಲಿಗೂ ನಡುವೆ 320 ಸೆಂ.ಮೀ. ದೂರವಿದೆ ಎಂದಿಟ್ಟುಕೊಳ್ಳಿ. ಬಾಗಿಲ ಅಂಚನ್ನು ಸವರಿ ಹೋದ ದೃಷ್ಟಿ ನೆಲ ಮುಟ್ಟುವುದು ಅಲ್ಲಿಂದ 960 ಸೆಂ.ಮೀ. ಆಚೆಗೆ, ಅಂದರೆ ಸುಮಾರು 31 ಅಡಿ ದೂರದಲ್ಲಿ. ಅದಕ್ಕಿಂತ ಈಚೆ ಮಲಗಿದ ಕೂಸು ಕಾಣುವುದೇ ಇಲ್ಲ. ಮೂರಡಿ ಎತ್ತರದ ಮಗು ಎದ್ದು ನಿಂತಿದ್ದರೂ ಗಾಡಿಯಿಂದ ಎಂಟು ಅಡಿ ಆಚೆಗಿದ್ದರಷ್ಟೇ ಅದರ ನೆತ್ತಿ ಕಂಡೀತು. ಇದು ಖಾಲಿ ಗಾಡಿಯ ಲೆಕ್ಕ. ಮೇಲೆ ಕಬ್ಬಿಣದ ಕಮಾನು ನಿಲ್ಲಿಸಿ ತಾಡಪತ್ರಿ ಬಿಗಿದರೆ ಒಳಗನ್ನಡಿಯಲ್ಲಿ ಬರಿ ತಾಡಪತ್ರಿ. ಹತ್ತಿ ಹೇರಿದರೆ ಅಂಡಿಗೆಯ ಹೊಟ್ಟೆ ಬದಿಗೂ ಉಬ್ಬಿ ಹೊರಗನ್ನಡಿಗಳ ಅರ್ಧ ನೋಟವನ್ನೂ ನುಂಗುತ್ತದೆ.

ಅಮೆರಿಕದಲ್ಲಿ ಪಿಕಪ್ ಬೆನ್ನಿಗೆ ಮಲಗುವ ಕೋಣೆಯನ್ನೇ ಕೂರಿಸಿ ಊರೂರು ತಿರುಗುವವರಿದ್ದಾರೆ. ಆ ಕೋಣೆಗೆ ಅಲ್ಲಿ ಟ್ರಕ್ ಕ್ಯಾಂಪರ್ ಎನ್ನುತ್ತಾರೆ. ಅವರಿಗೂ ಇದೇ ತೊಂದರೆ: ಕೋಣೆ ಕೂರಿಸಿದೊಡನೆ ಹಿಂದಿನ ಗಾಜು ಕುರುಡು, ಗಾಡಿಯ ಕಂಪನಿ ಕೊಟ್ಟ ಕ್ಯಾಮೆರಾ ಕೋಣೆಯ ಅಡಿಗೆ ಸಿಕ್ಕಿ ನಿರುಪಯೋಗಿ. ಕೋಣೆಗೇ ಬೇರೆ ಕ್ಯಾಮೆರಾ ಹಾಕಬೇಕು, ಕೋಣೆ ಇಳಿಸುವಾಗ ಅದರ ವೈರೂ ಸಲೀಸಾಗಿ ಬಿಚ್ಚಿಬರಬೇಕು. ನಮ್ಮ ತಾಡಪತ್ರಿ ಕಮಾನೂ ಹಾಕಿ ತೆಗೆಯುವ ಸಾಮಾನೇ ಆದ್ದರಿಂದ ಅವರ ಈ ಪಾಠ ನಮ್ಮ ಕ್ಯಾಂಪರಿಗೆ ಹಾಗೇ ಹೊಂದುತ್ತದೆ.

ಆ ದೇಶದಲ್ಲಿ ಹಿಂಬದಿ ಕ್ಯಾಮೆರಾ ಕಡ್ಡಾಯವಾದದ್ದರ ಹಿಂದೆ ಒಂದು ಮಗುವಿನ ಸಾವಿದೆ. 2002ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ವೈದ್ಯರೊಬ್ಬರು ತಮ್ಮ ಮನೆಯ ಮುಂದೆ ಗಾಡಿ ಹಿಂದಕ್ಕೆ ತೆಗೆದುಕೊಳ್ಳುವಾಗ ಅವರದೇ ಎರಡು ವರ್ಷದ ಮಗ ಕ್ಯಾಮರಾನ್ ಗಾಲಿಗೆ ಸಿಕ್ಕ. ಕನ್ನಡಿಗಳನ್ನೆಲ್ಲ ನೋಡಿಯೇ ಅವರು ಗಾಡಿ ತೆಗೆದಿದ್ದರು. ಆ ತಂದೆ ತಾಯಿಯರ ಹೋರಾಟದಿಂದ ಮಗುವಿನ ಹೆಸರಿನಲ್ಲೇ ಒಂದು ಕಾನೂನು ಬಂತು, 2008ರಲ್ಲಿ ಅಧ್ಯಕ್ಷರ ಸಹಿ ಬಿತ್ತು. ನಿಯಮ ಗಟ್ಟಿಯಾಗಲು ಮತ್ತೆ ಹತ್ತು ವರ್ಷ ಹಿಡಿಯಿತು. 2018ರ ಮೇ 1ರಿಂದ ಅಲ್ಲಿ ಸುಮಾರು 4,500 ಕಿಲೊ ಒಳಗಿನ ಎಲ್ಲ ಹೊಸ ವಾಹನಗಳಿಗೂ ಹಿಂಬದಿ ಕ್ಯಾಮೆರಾ ಇರಲೇಬೇಕು. ಗಾಡಿಯ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಜಾಗ ಪರದೆಯಲ್ಲಿ ಕಾಣಬೇಕು, ರಿವರ್ಸ್ ಗೇರ್ ಬಿದ್ದ ಎರಡು ಸೆಕೆಂಡಿನೊಳಗೆ ಚಿತ್ರ ಮೂಡಬೇಕು. ಹೀಗೆ ಹಿಂದಕ್ಕೆ ಸರಿಯುವ ಗಾಡಿಗೆ ಸಿಕ್ಕಿ ವರ್ಷಕ್ಕೆ ಸುಮಾರು 210 ಜನ ಸಾಯುತ್ತಾರೆಂದು ಅಲ್ಲಿನ ಸರ್ಕಾರ ಆಗ ಅಂದಾಜು ಮಾಡಿತ್ತು. ಅವರಲ್ಲಿ ಶೇ 31ರಷ್ಟು ಐದು ವರ್ಷದೊಳಗಿನ ಮಕ್ಕಳು, ಶೇ 26ರಷ್ಟು 70 ದಾಟಿದ ಹಿರಿಯರು. ನಮ್ಮ ಕಣದಲ್ಲಿ ಗಾಡಿಯ ನೆರಳಿಗೆ ಕೂರುವವರೂ ಈ ಎರಡು ವಯಸ್ಸಿನವರೇ.

ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ತಯಾರಾದ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯವಾಗಿದೆ. ಕೀ ಕೀ ಎನ್ನುವ ಆ ಸೆನ್ಸರ್ ಸಾಕಲ್ಲ, ಕ್ಯಾಮೆರಾ ಯಾಕೆ ಎಂದು ಕೇಳುವವರುಂಟು. ಈ ಸೀಮೆಯಲ್ಲಿ ಅದಕ್ಕೆ ಉತ್ತರ ಕಾಲುವೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಮುಗಿದ ಮೇಲೆ ಎಡದಂಡೆ ಕಾಲುವೆ, ಅದರ ವಿತರಣಾ ಕಾಲುವೆಗಳು, ಹೊಲಗಾಲುವೆಗಳು ಸುರಪುರ, ಶಹಾಪುರದ ಹೊಲಗಳ ನಡುವೆಲ್ಲ ಹರಡಿವೆ. ಹೊಲಕ್ಕೆ ಹೋಗುವ ದಾರಿ ಎಂದರೆ ಎಷ್ಟೋ ಕಡೆ ಕಾಲುವೆಯ ಏರಿ. ಎದುರಿಗೆ ಇನ್ನೊಂದು ಟ್ರ್ಯಾಕ್ಟರ್ ಬಂದರೆ ಯಾರಾದರೂ ಒಬ್ಬರು ಹಿಂದೆ ಸರಿಯಲೇಬೇಕು. ಸೆನ್ಸರ್ ಕೆಲಸ ಮಾಡುವುದು ಶಬ್ದದ ಅಲೆ ಯಾವುದಕ್ಕಾದರೂ ತಾಗಿ ವಾಪಸು ಬಂದಾಗ. ಗೋಡೆಗೆ ತಾಗಿ ಬರುತ್ತದೆ, ಕಂಬಕ್ಕೆ ತಾಗಿ ಬರುತ್ತದೆ. ಏರಿ ಮುಗಿದು ತಗ್ಗು ಶುರುವಾಗುವಲ್ಲಿ ತಾಗಲು ಏನೂ ಇರುವುದಿಲ್ಲ, ಸೆನ್ಸರ್ ಸುಮ್ಮನಿರುತ್ತದೆ. ಡ್ರೈವರ್ ಆ ಸುಮ್ಮನಿರುವಿಕೆಯನ್ನು ದಾರಿ ಬಿಡುವಿದೆ ಎಂದೇ ತಿಳಿಯುತ್ತಾನೆ. ತೆರೆದ ಬಾವಿ, ಪೈಪಿಗೆ ತೋಡಿದ ಗುಂಡಿ, ನೆಲಕ್ಕೆ ಅಂಟಿದಂತೆ ಮಲಗಿದ ಕೂಸು, ಇವನ್ನು ಹಿಡಿಯುವಲ್ಲಿ ಸೆನ್ಸರನ್ನು ನಂಬಲಾಗದು. ಕ್ಯಾಮೆರಾ ಏರಿಯ ಅಂಚನ್ನೂ ನೀರನ್ನೂ ಕಣ್ಣಿಗೇ ತೋರಿಸುತ್ತದೆ. ಎರಡೂ ಇದ್ದರೆ ಒಳ್ಳೆಯದು, ಒಂದೇ ಕೊಳ್ಳುವ ದುಡ್ಡಿದ್ದರೆ ಈ ನೀರಾವರಿ ಸೀಮೆಯಲ್ಲಿ ಕ್ಯಾಮೆರಾವನ್ನೇ ಕೊಳ್ಳಿ.

ಅಂಗಡಿಗೆ ಹೋದವರು ಮೊದಲು ಕೇಳುವುದು ಚಿತ್ರ ಎಷ್ಟು ಕ್ಲಿಯರ್ ಎಂದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ಕ್ಯಾಮೆರಾ ಎಲ್ಲಿ ಕೂರುತ್ತದೆ ಎಂಬುದನ್ನು. ಸಾಮಾನ್ಯವಾಗಿ ಮೆಕ್ಯಾನಿಕ್ ಅದನ್ನು ಹಿಂದಿನ ಬಾಗಿಲಿಗೋ ನಂಬರ್ ಪ್ಲೇಟಿನ ಮೇಲೋ ಕೂರಿಸುತ್ತಾನೆ, ಕಾರಿಗೆ ಹಾಕಿ ಕೈ ಪಳಗಿರುತ್ತದೆ. ಕ್ಯಾಂಪರ್, ಪಿಕಪ್‌ಗಳಲ್ಲಿ ಹಿಂದಿನ ಬಾಗಿಲು ದಿನಕ್ಕೆ ಹತ್ತಾರು ಸಲ ಕೆಳಗೆ ಬೀಳುತ್ತದೆ. ಬಿದ್ದಾಗ ಕ್ಯಾಮೆರಾ ನೆಲ ನೋಡುತ್ತದೆ, ಚೀಲ ಇಳಿಸುವಾಗ ಪೆಟ್ಟು ತಿನ್ನುತ್ತದೆ, ಕೀಲಿನ ಹತ್ತಿರ ವೈರು ಮಡಚಿ ಮಡಚಿ ಒಳಗೇ ತುಂಡಾಗುತ್ತದೆ. ಉದ್ದದ ಸಾಮಾನು ಹೇರಿ ಬಾಗಿಲು ಬಿಟ್ಟುಕೊಂಡೇ ಹೋಗುವ ದಿನ ಕ್ಯಾಮೆರಾ ಇದ್ದೂ ಇಲ್ಲದಂತೆ. ಆದ್ದರಿಂದ ಬಾಗಿಲಿನ ಮೇಲೆ ಬೇಡವೇ ಬೇಡ.

ಉಳಿಯುವುದು ಎರಡು ಜಾಗ. ಒಂದು, ಚಾಸಿಯ ಹಿಂದಿನ ಅಡ್ಡಪಟ್ಟಿ. ಅದು ಎಂದೂ ಅಲ್ಲಾಡುವುದಿಲ್ಲ, ಲೋಡು ಎಷ್ಟೇ ಎತ್ತರವಾದರೂ ನೋಟಕ್ಕೆ ಅಡ್ಡ ಬರುವುದಿಲ್ಲ. ಆದರೆ ಅಲ್ಲಿ ಮಳೆಗಾಲದ ಎರೆಮಣ್ಣು ಲೆನ್ಸಿಗೆ ಮೆತ್ತಿ ಒಣಗುತ್ತದೆ. ಕೆಳಗಿನಿಂದ ನೋಡುವುದರಿಂದ ಹಿಂದಿರುವ ವಸ್ತು ಎಷ್ಟು ದೂರದಲ್ಲಿದೆ ಎಂಬ ಅಂದಾಜೂ ಸರಿಯಾಗಿ ಸಿಗುವುದಿಲ್ಲ. ಇನ್ನೊಂದು, ತಾಡಪತ್ರಿ ಕಮಾನಿನ ಹಿಂದಿನ ಮೇಲ್ಪಟ್ಟಿ. ಅಲ್ಲಿಂದ ಕೆಳಮುಖವಾಗಿ ನೋಡಿದರೆ ಬಂಪರ್ ಅಂಚಿನಿಂದಲೇ ನೆಲ ಶುರುವಾಗುತ್ತದೆ. ಮಲಗಿದವರು, ಕೂತವರು, ಏರಿಯ ಅಂಚು ಎಲ್ಲ ಕಾಣುತ್ತದೆ, ಕೆಸರು ಅಷ್ಟು ಎತ್ತರಕ್ಕೆ ಸಿಡಿಯುವುದಿಲ್ಲ. ತಾಡಪತ್ರಿಯ ಜೋಲು ಅಂಚು ಗಾಳಿಗೆ ಹಾರಿ ಲೆನ್ಸ್ ಮುಚ್ಚದಂತೆ ಕ್ಯಾಮೆರಾವನ್ನು ನಾಲ್ಕು ಬೆರಳು ಹೊರಗೆ ಚಾಚಿದ ಗಟ್ಟಿ ಪಟ್ಟಿಗೆ ಕೂರಿಸಬೇಕು. ಮೇಲೊಂದು ಸಣ್ಣ ತಗಡಿನ ಮರೆ ಇದ್ದರೆ ಇಳಿಬಿಸಿಲಿನ ಕೋರೈಸುವಿಕೆಯೂ ತಗ್ಗುತ್ತದೆ. ಕಮಾನು ಇರುವ ಕ್ಯಾಂಪರಿಗೆ ನಾನು ಹೇಳುವುದು ಮೇಲ್ಪಟ್ಟಿಯನ್ನೇ.

ಹತ್ತಿ ಹಂಗಾಮಿನಲ್ಲಿ ಕಮಾನು ಬಿಚ್ಚಿಡುವವರು ಏನು ಮಾಡಬೇಕು? ಕೆಳಗಿನ ಅಡ್ಡಪಟ್ಟಿಯಲ್ಲೂ ಒಂದು ಪಟ್ಟಿ ಮೊದಲೇ ಕೂರಿಸಿ, ಕ್ಯಾಮೆರಾವನ್ನು ಅಲ್ಲಿಂದಿಲ್ಲಿಗೆ ವರ್ಗಾಯಿಸುವಂತೆ ಮಾಡಿಸಿಕೊಳ್ಳುವುದು ಒಂದು ದಾರಿ. ಮಾನಿಟರಿಗೆ ಎರಡು ವಿಡಿಯೊ ಜೋಡಣೆ ಇದ್ದರೆ ಎರಡೂ ಕಡೆ ಒಂದೊಂದು ಕ್ಯಾಮೆರಾ ಇಡುವುದು ಇನ್ನೊಂದು. ಹೇಗೇ ಮಾಡಿದರೂ ಕಮಾನಿನ ಬುಡದಲ್ಲಿ ವೈರಿಗೆ ತಿರುಪು ಹಾಕಿ ಬಿಗಿಯುವ ನಾಲ್ಕು ಪಿನ್ನಿನ ಕನೆಕ್ಟರ್ ಇರಲಿ. ಟಿವಿಗೆ ಚುಚ್ಚುವಂಥ ಹಳದಿ ಪಿನ್ನು ನಮ್ಮ ರಸ್ತೆಯ ಕುಲುಕಾಟಕ್ಕೆ ಸಡಿಲವಾಗುತ್ತದೆ, ನೀರೂ ಇಳಿಯುತ್ತದೆ.

ಇನ್ನು ಆಯ್ಕೆ. ಮೊದಲು ವೋಲ್ಟೇಜು. ಕ್ಯಾಂಪರ್, ಪಿಕಪ್‌ಗಳದು 12 ವೋಲ್ಟ್, ದೊಡ್ಡ ಲಾರಿಗಳದು 24. ಬರಿ 12 ವೋಲ್ಟಿನ ಕ್ಯಾಮೆರಾವನ್ನು ಲಾರಿಗೆ ಜೋಡಿಸಿದರೆ ಸುಟ್ಟುಹೋಗುತ್ತದೆ. ಎರಡಕ್ಕೂ ನಡೆಯುವಂಥದು ಸಿಗುತ್ತದೆ, ಕೇಳಿ ಕೊಳ್ಳಿ. ನೀರು, ದೂಳಿನ ತಡೆಗೆ ಐಪಿ ಅಂಕ ಇರುತ್ತದೆ. ಐಪಿ 67 ಎಂದರೆ ದೂಳು ಒಳಹೋಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯಬಲ್ಲದು. ಅದು ಸಾಕು ಅನ್ನಿಸಿದರೂ ವಾಟರ್ ಸರ್ವಿಸಿನ ಪೈಪಿನ ರಭಸ ಬೇರೆಯೇ. ಜೋರು ಬಿಸಿನೀರ ಧಾರೆಯ ಪರೀಕ್ಷೆ ಗೆದ್ದದ್ದಕ್ಕೆ ಐಪಿ 69ಕೆ ಎಂದು ಬರೆದಿರುತ್ತದೆ. ವಾರಕ್ಕೊಮ್ಮೆ ಸರ್ವಿಸ್ ಮಾಡಿಸುವವರಿಗೆ ಅದೇ ಒಳ್ಳೆಯದು. ನೋಟದ ಅಗಲ 170 ಡಿಗ್ರಿ ಎಂದು ಹೊಗಳಿ ಮಾರುವುದುಂಟು. ಕೋನ ಹಿಗ್ಗಿದಷ್ಟೂ ವಸ್ತುಗಳು ಇರುವುದಕ್ಕಿಂತ ದೂರ ಕಾಣುತ್ತವೆ, ಅಂಚುಗಳು ಬಾಗುತ್ತವೆ. ಮೇಲ್ಪಟ್ಟಿಯಿಂದ ನೋಡುವ ಕ್ಯಾಮೆರಾಕ್ಕೆ 120ರಿಂದ 140 ಡಿಗ್ರಿ ಧಾರಾಳ. ಕ್ಯಾಮೆರಾ ಮತ್ತು ಮಾನಿಟರ್ ಒಂದೇ ಬಗೆಯ ಸಿಗ್ನಲ್ಲಿನವು ಆಗಿರಬೇಕು. ಎಎಚ್‌ಡಿ ಕ್ಯಾಮೆರಾವನ್ನು ಹಳೆಯ ಮಾದರಿಯ ಮಾನಿಟರಿಗೆ ಜೋಡಿಸಿದರೆ ಚಿತ್ರ ಸರಿಯಾಗಿ ಬರುವುದಿಲ್ಲ. ಹೀಗಾಗಿ ಎರಡನ್ನೂ ಒಂದೇ ಸೆಟ್ಟಾಗಿ ಕೊಳ್ಳುವುದು ಕ್ಷೇಮ.

ಒಂದು ಸಂಗತಿಯನ್ನು ಮಾತ್ರ ಮರೆಯದೆ ಪರೀಕ್ಷಿಸಿ. ರಿವರ್ಸ್ ಕ್ಯಾಮೆರಾದ ಚಿತ್ರ ಕನ್ನಡಿಯಂತೆ ಎಡಬಲ ತಿರುಗಿರಬೇಕು, ಗಾಡಿಯ ಎಡಕ್ಕಿರುವುದು ಪರದೆಯಲ್ಲೂ ಎಡಕ್ಕೇ ಕಾಣಬೇಕು. ಮುಂಬದಿಗೆ ಬಳಸುವ ಕ್ಯಾಮೆರಾ ಹಾಕಿದರೆ ಇದು ಉಲ್ಟಾ ಆಗುತ್ತದೆ. ಮಗು ಎಡಗಡೆ ಇದ್ದರೆ ಡ್ರೈವರ್ ಬಲಗಡೆ ಇದೆ ಎಂದುಕೊಂಡು ಸ್ಟೀರಿಂಗ್ ತಿರುಗಿಸುತ್ತಾನೆ. ಅನೇಕ ಕ್ಯಾಮೆರಾಗಳ ವೈರಿನಲ್ಲಿ ಇದಕ್ಕೆಂದೇ ಒಂದು ಸಣ್ಣ ಕುಣಿಕೆ ಇರುತ್ತದೆ, ಕತ್ತರಿಸಿದರೆ ಚಿತ್ರ ಮಗುಚುತ್ತದೆ. ಯಾವ ಕುಣಿಕೆ ಯಾತಕ್ಕೆ ಎಂಬುದನ್ನು ಪೆಟ್ಟಿಗೆಯಲ್ಲಿನ ಚೀಟಿ ನೋಡಿಯೇ ಕತ್ತರಿಸಬೇಕು.

ಜೋಡಣೆಯಲ್ಲಿ ಮುಖ್ಯವಾದದ್ದು ರಿವರ್ಸ್ ಲೈಟಿನ ವೈರು. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು ರಿವರ್ಸ್ ಗೇರ್ ಹಾಕಿ. ಟೆಸ್ಟ್ ಲ್ಯಾಂಪ್ ಇಟ್ಟರೆ ಗೇರ್ ಬಿದ್ದಾಗ ಮಾತ್ರ ಕರೆಂಟು ಬರುವ ವೈರು ಯಾವುದು ಎಂದು ಗೊತ್ತಾಗುತ್ತದೆ. ಮಾನಿಟರಿನ ಟ್ರಿಗರ್ ವೈರು ಅದಕ್ಕೆ ಸೇರಬೇಕು, ಗೇರ್ ಬಿದ್ದೊಡನೆ ಪರದೆ ತಾನೇ ಹಿಂದನ್ನು ತೋರಿಸಬೇಕು. ಡ್ರೈವರ್ ಗುಂಡಿ ಒತ್ತಬೇಕಾದ ವ್ಯವಸ್ಥೆ ಅವಸರದಲ್ಲಿ ಕೈಕೊಡುತ್ತದೆ. ಕ್ಯಾಮೆರಾದ ಕರೆಂಟನ್ನು ರಿವರ್ಸ್ ಲೈಟಿನಿಂದಲೇ ತೆಗೆದುಕೊಂಡರೆ ಕೆಲಸ ಸುಲಭ. ಅದರ ಬದಲು ಕೀ ಆನ್ ಆದಾಗ ಬರುವ ಲೈನಿನಿಂದ ಕೊಟ್ಟರೆ ಎರಡು ಲಾಭ. ದಾರಿಯಲ್ಲೂ ಹಿಂದಿನ ಲೋಡಿನ ಮೇಲೆ ಕಣ್ಣಿಡಬಹುದು, ಜೊತೆಗೆ ಕ್ಯಾಮೆರಾ ಮೊದಲೇ ಚಾಲೂ ಇರುವುದರಿಂದ ಗೇರ್ ಹಾಕಿದ ಮೇಲೆ ಚಿತ್ರಕ್ಕೆ ಕಾಯಬೇಕಿಲ್ಲ. ಗಂಟೆಗೆ 5 ಕಿ.ಮೀ. ವೇಗದಲ್ಲಿ ಸರಿಯುವ ಗಾಡಿ ಒಂದು ಸೆಕೆಂಡಿಗೆ 1.4 ಮೀಟರ್ ಹಿಂದೆ ಹೋಗಿರುತ್ತದೆ ಎಂಬುದನ್ನು ನೆನೆದರೆ ಈ ಕಾಯುವಿಕೆ ಸಣ್ಣದಲ್ಲ.

ಕರೆಂಟು ಎಲ್ಲಿಂದ ತೆಗೆದರೂ ನಡುವೆ ಒಂದು ಸಣ್ಣ ಫ್ಯೂಸ್ ಇರಲಿ. ಕ್ಯಾಮೆರಾದ ಅರ್ಥ್ ಒಂದು ಕಡೆ, ಮಾನಿಟರಿನದು ಮತ್ತೊಂದು ಕಡೆ ಕೊಟ್ಟಾಗ ಎಂಜಿನ್ ಶಬ್ದಕ್ಕೆ ತಕ್ಕಂತೆ ಪರದೆಯಲ್ಲಿ ಗೆರೆಗಳು ಓಡುವುದುಂಟು. ಎರಡನ್ನೂ ಒಂದೇ ಜಾಗದಲ್ಲಿ, ಬಣ್ಣ ಕೆರೆದ ಕಬ್ಬಿಣಕ್ಕೆ ಬಿಗಿದರೆ ಅದು ನಿಲ್ಲುತ್ತದೆ. ವೈರನ್ನು ಚಾಸಿಯ ಒಳಮೈಗೆ ಹೊಂದಿಸಿ ಪ್ಲಾಸ್ಟಿಕ್ ಸುರುಳಿ ಪೈಪಿನೊಳಗೆ ಎಳೆಯಬೇಕು. ಸೈಲೆನ್ಸರ್, ಸ್ಪ್ರಿಂಗ್ ಪಟ್ಟಿ, ತಿರುಗುವ ಶಾಫ್ಟ್ ಈ ಮೂರರಿಂದ ದೂರವಿರಬೇಕು. ಕ್ಯಾಬಿನ್ ಒಳಗೆ ಹೋಗುವ ತೂತಿಗೆ ರಬ್ಬರ್ ಬಳೆ ಹಾಕದಿದ್ದರೆ ತಗಡಿನ ಅಂಚು ವೈರಿನ ಸಿಪ್ಪೆ ಕೊಯ್ಯುತ್ತದೆ. ಕಾಳಿನ ವಾಸನೆ ಇರುವ ಗಾಡಿಗೆ ಇಲಿ ಬರುವುದು ಖಂಡಿತ, ಸುರುಳಿ ಪೈಪು ಅದಕ್ಕೂ ಬೇಕು. ವೈರಿಲ್ಲದ ಕ್ಯಾಮೆರಾ ಸುಲಭವೆಂದು ತೋರುತ್ತದೆ, ಆದರೆ ಅದಕ್ಕೂ ಹಿಂದೆ ಕರೆಂಟು ಬೇಕೇ ಬೇಕು. ಕಬ್ಬಿಣದ ಬಾಡಿ, ತುಂಬಿದ ಲೋಡು ದಾಟಿ ಬರುವ ಸಿಗ್ನಲ್ ಒಮ್ಮೊಮ್ಮೆ ತಡವರಿಸುತ್ತದೆ. ಮೊಬೈಲಿಗೆ ವೈಫೈ ಮೂಲಕ ಚಿತ್ರ ಕಳಿಸುವಂಥದರಲ್ಲಿ ತಡ ಇನ್ನೂ ಹೆಚ್ಚು. ನಮ್ಮ ಬಗೆಯ ಕೆಲಸಕ್ಕೆ ವೈರಿನದೇ ಇರಲಿ.

ಈ ಸೀಮೆಗೇ ಸೇರಿದ ಇನ್ನೆರಡು ತೊಡಕುಗಳಿವೆ. ಎರೆಮಣ್ಣು ಬೆಳಕನ್ನು ಹೀರುತ್ತದೆ. ಸಿಮೆಂಟ್ ರಸ್ತೆಯ ಮೇಲೆ ರಾತ್ರಿ ಚೆನ್ನಾಗಿ ಕಾಣುವ ಕ್ಯಾಮೆರಾ ಕತ್ತಲ ಹೊಲದಲ್ಲಿ ಬರಿ ಕಪ್ಪು ತೋರಿಸುತ್ತದೆ, ಗಾಡಿಯ ಸಣ್ಣ ರಿವರ್ಸ್ ಲೈಟು ಸಾಲುವುದಿಲ್ಲ. ಕ್ಯಾಮೆರಾ ಸುತ್ತ ಇನ್‌ಫ್ರಾರೆಡ್ ದೀಪ ಇರುವಂಥವು ಸಿಗುತ್ತವೆ. ಅವುಗಳ ಕಷ್ಟವೆಂದರೆ ಗಾಡಿ ಎಬ್ಬಿಸಿದ ದೂಳಿಗೆ ಆ ಬೆಳಕು ತಾಗಿ ಪರದೆ ಬೆಳ್ಳಗಾಗುವುದು. ಕ್ಯಾಮೆರಾದಿಂದ ಸ್ವಲ್ಪ ದೂರದಲ್ಲಿ, ನೆಲಕ್ಕೆ ಬಾಗಿಸಿದ ಒಂದು ಎಲ್‌ಇಡಿ ದೀಪವನ್ನು ರಿಲೇ ಮೂಲಕ ರಿವರ್ಸ್ ಗೇರಿಗೆ ಜೋಡಿಸುವುದು ಹೆಚ್ಚು ಪ್ರಯೋಜನ. ಹಿಂದಿರುವವರಿಗೂ ಅದು ಎಚ್ಚರಿಕೆ. ಎರಡನೆಯದು ಬೇಸಿಗೆ. 40 ಡಿಗ್ರಿ ದಾಟುವ ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕ್ಯಾಬಿನ್ನಿನ ಒಳಗೆ ರಬ್ಬರ್ ಬಟ್ಟಲು ಒತ್ತಿ ಅಂಟಿಸಿದ ಮಾನಿಟರ್ ಕಳಚಿ ಬೀಳುತ್ತದೆ. ಡ್ಯಾಶ್‌ಬೋರ್ಡಿಗೆ ಸ್ಕ್ರೂ ಹಾಕಿ, ಮುಂದಿನ ಗಾಜಿನ ನೋಟಕ್ಕೆ ಅಡ್ಡಬಾರದಂತೆ ಕೂರಿಸಿ.

ಹಣ ಕೊಡುವ ಮುನ್ನ ಅಂಗಡಿಯ ಮುಂದೆಯೇ ಒಂದು ಪರೀಕ್ಷೆ ಮಾಡಿ. ಗಾಡಿಯ ಹಿಂದೆ ಬಂಪರಿನಿಂದ ಒಂದು, ಎರಡು, ಮೂರು ಮೀಟರಿಗೆ ಸುಣ್ಣದಲ್ಲಿ ಅಡ್ಡಗೆರೆ ಎಳೆಯಿರಿ. ಪರದೆಯಲ್ಲಿ ಕೆಂಪು, ಹಳದಿ, ಹಸಿರು ಗೆರೆಗಳು ಬರುತ್ತವಲ್ಲ, ಅವು ಕಾರಿನ ಎತ್ತರಕ್ಕೆ ಹೊಂದಿಸಿದವು. ನಿಮ್ಮ ಸುಣ್ಣದ ಗೆರೆಗೂ ಅವಕ್ಕೂ ತಾಳೆಯಾಗದಿದ್ದರೆ ಆ ಬಣ್ಣದ ಗೆರೆಗಳನ್ನು ತೆಗೆಸಿಬಿಡಿ, ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದು ಮೇಲು. ಆಮೇಲೆ ಒಂದು ಬಕೆಟ್ಟನ್ನು ಬಂಪರಿಗೆ ತಾಗಿಸಿ ನಡುವೆ, ಎಡಮೂಲೆಯಲ್ಲಿ, ಬಲಮೂಲೆಯಲ್ಲಿ ಇಟ್ಟು ನೋಡಿ. ಮೂರು ಕಡೆಯೂ ಬಕೆಟ್ ಪೂರ್ತಿ ಕಾಣುವವರೆಗೆ ಕ್ಯಾಮೆರಾ ಬಾಗಿಸಬೇಕು. ದೂರದ ಆಕಾಶ, ಮರ ಕಾಣದಿದ್ದರೂ ನಷ್ಟವಿಲ್ಲ, ಕಾಣಬೇಕಾದದ್ದು ಹತ್ತಿರದ ಆ ಹತ್ತಡಿ ನೆಲ.

ಇಷ್ಟೆಲ್ಲ ಮಾಡಿದ ಮೇಲೂ ಕ್ಯಾಮೆರಾ ಎಲ್ಲವನ್ನೂ ತಡೆಯುವುದಿಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯ ಅಧ್ಯಯನದಲ್ಲಿ ಹಿಂಬದಿ ಕ್ಯಾಮೆರಾದಿಂದ ರಿವರ್ಸ್ ಅಪಘಾತಗಳು ತಗ್ಗಿದ್ದು ಶೇ 17ರಷ್ಟು. ಇಷ್ಟು ಕಡಿಮೆ ಯಾಕೆ? ಪರದೆ ಇದ್ದರೂ ನೋಡದಿರುವುದು, ನೋಡಿದರೂ ಬಿಸಿಲ ಹೊಳಪಿಗೆ ಕಾಣದಿರುವುದು, ಬದಿಯಿಂದ ಓಡಿಬಂದದ್ದು ಕ್ಷಣದಲ್ಲಿ ಕಣ್ತಪ್ಪುವುದು, ಲೆನ್ಸಿಗೆ ಕೆಸರು ಕವಿದಿರುವುದು, ಹೀಗೆ ಕಾರಣಗಳಿಗೆ ಬರವಿಲ್ಲ. ಡೀಸೆಲ್ ಹಾಕಿಸುವಾಗೆಲ್ಲ ಒದ್ದೆ ಬಟ್ಟೆಯಲ್ಲಿ ಲೆನ್ಸ್ ಒರೆಸುವುದನ್ನು ರೂಢಿ ಮಾಡಿಕೊಳ್ಳಬೇಕು. ಕಣದಲ್ಲಿ ಗಾಡಿ ಹತ್ತುವ ಮುನ್ನ ಒಂದು ಸುತ್ತು ಹಾಕಿ, ಅಡಿಯಲ್ಲಿ ಬಗ್ಗಿ ನೋಡಲೇಬೇಕು. ಗಾಡಿಯ ಅಡಿಯಲ್ಲಿ ಮಲಗಿದವರನ್ನು ಯಾವ ಹಿಂಬದಿ ಕ್ಯಾಮೆರಾವೂ ತೋರಿಸುವುದಿಲ್ಲ.

ಕ್ಯಾಂಪರಿನವರಿಗಾದರೂ ಇಷ್ಟು ದಾರಿ ಇದೆ. ಟ್ರ್ಯಾಕ್ಟರಿನ ಟ್ರ್ಯಾಲಿಗೆ ಇದನ್ನು ಹೊಂದಿಸುವುದು ಕಷ್ಟ: ಟ್ರ್ಯಾಲಿ ಇಂದು ಒಂದು, ನಾಳೆ ಇನ್ನೊಂದು, ಎಷ್ಟೋ ಟ್ರ್ಯಾಲಿಗಳಿಗೆ ಹಿಂದಿನ ದೀಪವೂ ಇಲ್ಲ. ಹಿಂದೆ ಸರಿಯುವಾಗ ಹುಕ್ಕಿನಲ್ಲಿ ಮುರಿದುಕೊಂಡು ಯಾವ ಕಡೆಗೆ ಹೊರಳುತ್ತದೋ ಹೇಳಲಾಗದು. ಅಲ್ಲಿ ಹಿಂದೆ ನಿಂತು ‘ಬರ್ಲಿ, ಬರ್ಲಿ, ಹೋಲ್ಡಾನ್’ ಎನ್ನುವ ಮನುಷ್ಯನೇ ಬೇಕು. ಬಸ್ ನಿಲ್ದಾಣದಲ್ಲಿ ನಮ್ಮ ಕಂಡಕ್ಟರುಗಳು ಕೆಳಗಿಳಿದು, ಹಿಂದೆ ನಿಂತು ಸೀಟಿ ಊದಿ ಬಸ್ಸನ್ನು ಸರಿಸುತ್ತಾರಲ್ಲ, ಅದೇ ಕ್ರಮ ಹಂಗಾಮಿನ ಎರಡು ಮೂರು ತಿಂಗಳಾದರೂ ಜಿನ್ನಿಂಗ್ ಮಿಲ್ಲಿನ ಅಂಗಳಗಳಿಗೆ, ಎಪಿಎಂಸಿಗೆ, ಭತ್ತದ ಖರೀದಿ ಕೇಂದ್ರಗಳಿಗೆ ಬರಬೇಕು. ನೂರಾರು ಗಾಡಿಗಳು ಹಿಂದೆ ಸರಿಯುವ ಈ ಜಾಗಗಳಲ್ಲಿ ಸೀಟಿ ಹಿಡಿದ ಒಬ್ಬನ ಕೂಲಿ ದೊಡ್ಡ ಹೊರೆಯಲ್ಲ. ಜೊತೆಗೆ ಕೂಲಿಗೆ ಬಂದ ತಾಯಂದಿರ ಮಕ್ಕಳಿಗೆ ಗಾಡಿಗಳ ಹಾದಿಯಿಂದ ದೂರದಲ್ಲಿ ಒಂದು ತಾಡಪತ್ರಿಯ ನೆರಳು ಹಾಕಿಕೊಡುವ ಕೆಲಸವನ್ನು ಹೊಲದ ಮಾಲೀಕರೂ ಮಿಲ್ಲಿನವರೂ ಈ ಹಂಗಾಮಿನಿಂದಲೇ ಶುರುಮಾಡಬಹುದು.